ನಿಮಗಿದು ಗೊತ್ತೇ? ಬೇರಿಗೂ ಬೇಕು ಜನ್ಮಪತ್ರ!

ಯೇವಲಾ ಅಂದರೆ ಪೈಠಣಿ ಸೀರೆ. ನಾಸಿಕ್ ಜಿಲ್ಲೆಯ ಈ ನೇಕಾರರ ಪೇಟೆ ದಾಟಿ ಮುಂದೆ ಹೋದರೆ ಛತ್ರಪತಿ ಸಂಭಾಜಿನಗರ ಜಿಲ್ಲೆ. ಸೀರೆಗೆ ಹೆಸರು ಕೊಟ್ಟ ಪೈಠಣ ಇರುವುದು ಅಲ್ಲೇ, ಗೋದಾವರಿ ದಂಡೆಯಲ್ಲಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಕಡಲ ವ್ಯಾಪಾರದ ಕೈಪಿಡಿಯಲ್ಲಿ ಈ ಪೈಠಣದ ಹೆಸರಿದೆ. ಭರೂಚ್ ಬಂದರಿನಿಂದ ಅಲ್ಲಿಗೆ 20 ದಿನದ ದಾರಿಯಂತೆ! ಅದೇ ಬಂದರಿನಲ್ಲಿ ಹಡಗು ಹತ್ತುತ್ತಿದ್ದ ಸರಕಿನ ಪಟ್ಟಿಯೂ ಆ ಪುಸ್ತಕದಲ್ಲಿದೆ. ಅದರಲ್ಲಿ ಮೂರು ಹೆಸರು ನೋಡಿ: ಜಟಾಮಾಂಸಿ, ಕೋಷ್ಠ, ಗುಗ್ಗುಳ. ಇವತ್ತು ಆ ಮೂರೂ ಗಿಡಗಳು ಅಳಿವಿನ ಅಂಚಿನಲ್ಲಿವೆ. ಮೂರಕ್ಕೆ ಮೂರೂ!

ಆಗ ಮೂಟೆ ಕಟ್ಟಿ ಹಡಗಿಗೆ ಹಾಕಿದರೆ ಮುಗಿಯಿತು. ಈಗ? ಮೂಟೆಗಿಂತ ಮೊದಲು ಕಾಗದ ಹೋಗಬೇಕು. ‘ಈ ಬೇರು ಕಾಡಿನದಲ್ಲ, ಹೊಲದಲ್ಲಿ ಬೆಳೆದದ್ದು’ ಎಂದು ಸಾಹೇಬರು ಸಹಿ ಹಾಕಿದ ಕಾಗದ. ಪೈಠಣಿ ಸೀರೆಗೆ ಊರಿನ ಗುರುತು ಹೇಳುವ ಜಿಐ ಪಟ್ಟ ಇದೆಯಲ್ಲ, ಹಾಗೆಯೇ ಬೇರಿಗೆ ಹೊಲದ ಗುರುತು!

1998ರಲ್ಲಿ ಕೇಂದ್ರ ಸರ್ಕಾರ 29 ಸಾಲುಗಳ ಒಂದು ಪಟ್ಟಿ ಹೊರಡಿಸಿತು. ಈ ಗಿಡಗಳನ್ನು ಕಾಡಿನಿಂದ ಕಿತ್ತು ತಂದಿದ್ದರೆ ರಫ್ತು ಮಾಡುವಂತಿಲ್ಲ. ಬೆಳೆದು ತಂದಿದ್ದರೆ ಮಾಡಬಹುದು! ಬೇರು ಅದೇ, ವಾಸನೆ ಅದೇ, ಕಹಿಯೂ ಅದೇ. ಒಂದು ಕಳ್ಳಮಾಲು, ಇನ್ನೊಂದು ರೊಕ್ಕದ ಬೆಳೆ. ನಡುವೆ ಇರುವುದು ಬರೀ ಒಂದು ಹಾಳೆ.

29 ಸಾಲು ಅಂದರೆ 29 ಗಿಡ ಅಂದುಕೊಂಡಿರಾ? ಅಲ್ಲ! ಅದರಲ್ಲಿ ಒಂದು ಸಾಲು ಇಡೀ ಆರ್ಕಿಡ್ ಕುಟುಂಬ. ನಮ್ಮ ದೇಶದ ಆರ್ಕಿಡ್‌ಗಳೇ 1,200ಕ್ಕೂ ಹೆಚ್ಚು ಜಾತಿ. ಒಂದೇ ಸಾಲಿನಲ್ಲಿ ಎಲ್ಲವೂ ಒಳಗೆ!

ಈ ಕಾಗದ ಕೊಡುವವರು ಕೃಷಿ ಇಲಾಖೆಯವರು ಇರಬೇಕು ಅನ್ನಿಸುತ್ತದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಕೊಡುವುದು ಅರಣ್ಯಾಧಿಕಾರಿ! ಗಿಡ ಎಲ್ಲಿಂದ ಬಂತೋ ಆ ಸೀಮೆಯ ಡಿಎಫ್ಒ ಅಥವಾ ಅವರ ಮೇಲಿನವರು. ಕಾಡಿನದಲ್ಲ ಎಂದು ಹೇಳಬೇಕಾದವರು ಕಾಡು ಕಾಯುವವರೇ ತಾನೇ. ಯೋಚಿಸಿದರೆ ನ್ಯಾಯವೇ.

ಇನ್ನು ‘ಸೈಟಿಸ್’. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಮೂಗುದಾರ ಹಾಕುವ ಜಾಗತಿಕ ಒಪ್ಪಂದ. 1973ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸಹಿ ಬಿತ್ತು, 1975ರಲ್ಲಿ ಜಾರಿಗೆ ಬಂತು, 1976ರಲ್ಲಿ ಭಾರತ ಸೇರಿತು. ಹುಲಿ, ಆನೆ, ಘೇಂಡಾಮೃಗದ ಚಿತ್ರ ಕಣ್ಣ ಮುಂದೆ ಬಂತೇ? ಅದರ ಪಟ್ಟಿಯಲ್ಲಿ 40,000ಕ್ಕೂ ಹೆಚ್ಚು ಜೀವಜಾತಿಗಳಿವೆ. ಪ್ರಾಣಿಗಳು ಏಳು ಸಾವಿರವೂ ಇಲ್ಲ. ಉಳಿದದ್ದೆಲ್ಲ ಗಿಡ! ಆದರೆ ಪೋಸ್ಟರಿನಲ್ಲಿ ಹುಲಿಯೇ.

ಆ ಒಪ್ಪಂದದ ಪರವಾನಗಿಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಅದರಲ್ಲಿ ಒಂದೇ ಒಂದು ಅಕ್ಷರ. ‘ಡಬ್ಲ್ಯೂ’ ಅಂದರೆ ಕಾಡಿನದು. ‘ಎ’ ಅಂದರೆ ಮನುಷ್ಯ ಬೆಳೆಸಿದ್ದು. ಟನ್‌ಗಟ್ಟಲೆ ಮಾಲಿನ ಹಣೆಬರಹ ಆ ಒಂದು ಅಕ್ಷರದಲ್ಲಿ!

ಕಾಡಿನ ಸಸಿ ಕಿತ್ತು ತಂದು ಹಿತ್ತಿಲಲ್ಲಿ ನೆಟ್ಟು ‘ಇದು ನಾನು ಬೆಳೆಸಿದ್ದು’ ಅಂದರೆ? ನಡೆಯದು! ‘ಎ’ ಅಕ್ಷರ ಸಿಗಬೇಕಾದರೆ ಬೀಜ ಕೊಟ್ಟ ತಾಯಿಗಿಡವೂ ಕಾನೂನು ಪ್ರಕಾರ ಬಂದಿರಬೇಕು. ಮಗುವಿನ ಜಾತಕ ಸಾಲದು, ತಾಯಿಯ ಜಾತಕವೂ ಬೇಕು. ಪೂರ್ತಿ ಕಾಡೂ ಅಲ್ಲ, ಪೂರ್ತಿ ಹೊಲವೂ ಅಲ್ಲ ಅನ್ನುವ ಗಿಡಗಳ ಗತಿ ಏನು? ಅವಕ್ಕೆಂದೇ 2019ರಲ್ಲಿ ‘ವೈ’ ಎಂಬ ಹೊಸ ಅಕ್ಷರ ಹುಟ್ಟಿತು!

ಈ ಪರವಾನಗಿಗೂ ವಾಯಿದೆ ಇದೆ. ಹೆಚ್ಚೆಂದರೆ ಆರು ತಿಂಗಳು. ಮೂರು ವರ್ಷ ಬೆಳೆದ ಬೇರು, ಆರು ತಿಂಗಳಲ್ಲಿ ಗಡಿ ದಾಟಬೇಕು. ಇಲ್ಲವಾದರೆ ಮತ್ತೆ ಮೊದಲಿಂದ ಅರ್ಜಿ!

ಈಗ ಸರ್ಪಗಂಧದ ಕಥೆ ಕೇಳಿ. ಇದರಲ್ಲಿ ಒಂದಲ್ಲ, ನಾಲ್ಕಾರು ಸೋಜಿಗಗಳಿವೆ.

ಮೊಣಕಾಲೆತ್ತರದ ಪೊದೆ. ಬಿಳಿ ಹೂವಿಗೆ ಕೆಂಪು ತೊಟ್ಟು. ಬೇರು ಮಾತ್ರ ಕಹಿ ಅಂದರೆ ಕಹಿ. 1931ರಲ್ಲಿ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಈ ಬೇರಿನಿಂದ ಒಂದು ಸಾರ ತೆಗೆದರು. ತಮಗೆ ದಾರಿ ತೋರಿದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ದೆಹಲಿಯ ಹಕೀಮರ ಹೆಸರು ಇವತ್ತಿಗೂ ಹೃದ್ರೋಗ ತಜ್ಞರ ಬಾಯಲ್ಲಿದೆ! ಬ್ರುಗಾಡ ಎಂಬ ಅಪರೂಪದ ಹೃದಯದ ತೊಂದರೆ ಪತ್ತೆ ಮಾಡಲು ಈಗಲೂ ಈ ಮದ್ದನ್ನು ಬಳಸುತ್ತಾರೆ.

1934ರಲ್ಲಿ ಹಿಮಾಲಯ ಕಂಪನಿ ‘ಸರ್ಪಿನಾ’ ಎಂಬ ರಕ್ತದೊತ್ತಡದ ಗುಳಿಗೆ ತಂದಿತು. ಅದರೊಳಗೂ ಇದೇ ಬೇರು. ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಹಳ್ಳಿಯವರು ಈ ಬೇರು ತಿನ್ನಿಸಿ ಸುಮ್ಮನಾಗಿಸುತ್ತಿದ್ದುದನ್ನು ಸ್ಥಾಪಕರು ಕಂಡರು ಎಂದು ಕಂಪನಿ ಹೇಳಿಕೊಳ್ಳುತ್ತದೆ. ಆನೆಯ ಮದ್ದು ಅಜ್ಜನ ಬಿಪಿಗೆ! ಆ ಕಂಪನಿ ಈಗ ಇರುವುದು ನಮ್ಮ ಬೆಂಗಳೂರಿನಲ್ಲೇ.

ಆದರೂ ಜಗತ್ತು ಕಣ್ಣರಳಿಸಿದ್ದು 1949ರಲ್ಲಿ. ಮುಂಬೈನ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲೆ ಸರ್ಪಗಂಧದ ಪರಿಣಾಮವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದೇ ಬೇರಿನಿಂದ ‘ರಿಸರ್ಪಿನ್’ ಎಂಬ ಸಾರ ಬೇರ್ಪಟ್ಟಿತು. ಆಮೇಲೆ ಕೇಳಬೇಕೇ? ಎಲ್ಲರಿಗೂ ಬೇರು ಬೇಕು, ಬೇರು! ಎಲೆ ಕೊಟ್ಟು ಗಿಡ ಬದುಕುತ್ತದೆ, ಹಣ್ಣು ಕೊಟ್ಟೂ ಬದುಕುತ್ತದೆ. ಬೇರು ಕೊಟ್ಟರೆ ಗಿಡವೇ ಇಲ್ಲ. ಕಾಡು ಬರಿದಾಗುತ್ತ ಬಂತು. 1990ರಲ್ಲಿ ಸರ್ಪಗಂಧ ಸೈಟಿಸ್ ಪಟ್ಟಿಗೆ ಸೇರಿತು. ವಕೀಲ್ ಅವರಿಗೆ 1957ರಲ್ಲೇ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತ್ತು. ಗಿಡಕ್ಕೆ ರಕ್ಷಣೆ ಬರುವ ಹೊತ್ತಿಗೆ ಮತ್ತೆ 33 ವರ್ಷ!

ಇಲ್ಲೊಂದು ತಮಾಷೆ. ಸರ್ಪಗಂಧದ ಒಣ ಬೇರು ಗಡಿ ದಾಟಬೇಕಾದರೆ ಸೈಟಿಸ್ ಪರವಾನಗಿ ಬೇಕು. ಅದೇ ಬೇರು ಪುಡಿಯಾಗಿ, ಗುಳಿಗೆಯಾಗಿ, ಡಬ್ಬಿ ಸೇರಿ, ಅಂಗಡಿಯಲ್ಲಿ ಮಾರಲು ತಯಾರಾಗಿ ಕೂತರೆ ಆ ಪರವಾನಗಿ ಬೇಡ! ಜಟಾಮಾಂಸಿಗೂ ಇದೇ ರಿಯಾಯಿತಿ, ಕಟುಕರೋಹಿಣಿಗೂ ಇದೇ. ಬೇರು ಬೆಳೆದವನಿಗೆ ಕಾಗದದ ಕಾಟ, ಗುಳಿಗೆ ಮಾಡಿದವನಿಗೆ ರಾಜಮಾರ್ಗ. ಇದು ಸರಿಯೇ ಎಂದು ಕೇಳಿದರೆ, ನನಗಂತೂ ಸರಿ ಕಾಣುವುದಿಲ್ಲ. ಮುಂದೆ ಹೋಗೋಣ.

ಕೋಷ್ಠದ ಕಥೆ ಇನ್ನೂ ಬಿಗಿ. ಹಿಮಾಲಯದ ಈ ಬೇರನ್ನು ಕಾಶ್ಮೀರಿ ಶಾಲುಗಳ ಮಡಿಕೆಯಲ್ಲಿ ಇಡುತ್ತಿದ್ದರು, ಹುಳ ಬೀಳದಿರಲಿ ಎಂದು. 1985ರಿಂದ ಇದು ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ. ಹುಲಿ ಇರುವ ಪಟ್ಟಿ ಅದು! ನಮ್ಮ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಗಿಡಗಳ ಅಧ್ಯಾಯ ಸೇರಿದಾಗ ಅದರಲ್ಲಿದ್ದುದು ಆರೇ ಹೆಸರು. ಕೋಷ್ಠ ಅದರಲ್ಲೊಂದು. ಮಾರಲು ಮಾತ್ರವಲ್ಲ, ಬೆಳೆಯಲೂ ಲೈಸೆನ್ಸ್ ಬೇಕು ಅಂದಿತು ಕಾನೂನು. ಕೋವಿಗೆ ಲೈಸೆನ್ಸ್ ಇದ್ದ ಹಾಗೆ ಬೇರಿಗೂ! ಹಿಮಾಚಲದ ಲಾಹೌಲ್ ಕಣಿವೆಯವರು ಮಾತ್ರ ಸುಮಾರು ನೂರು ವರ್ಷದಿಂದ ಇದನ್ನು ಹೊಲದಲ್ಲಿ ಬೆಳೆಯುತ್ತಾ ಬಂದಿದ್ದಾರೆ.

ನಿಮ್ಮ ಅಜ್ಜಿ ಮಗುವಿಗೆ ಮದ್ದು ತೇಯುತ್ತಿದ್ದುದು ನೆನಪಿದೆಯೇ? ಸಾಣೆಕಲ್ಲಿನ ಮೇಲೆ ಎದೆಹಾಲಿನ ನಾಲ್ಕು ಹನಿ, ಬಜೆ ಒಂದು ಸುತ್ತು, ಅಳಲೆಕಾಯಿ ಎರಡು ಸುತ್ತು, ಜಾಯಿಕಾಯಿ ಅರ್ಧ ಸುತ್ತು. ಆಮೇಲೆ ಬೆರಳುದ್ದದ ಬೂದು ಬೇರೊಂದು: ಅತಿಬಜೆ, ಅಂದರೆ ಅತಿವಿಷ. ಹೆಸರು ಅತಿ ವಿಷ, ಕೊಡುವುದು ಹಸುಗೂಸಿಗೆ! ವಿಷಕ್ಕೆ ಹೆಸರಾದ ವತ್ಸನಾಭಿಯ ಒಡಹುಟ್ಟು ಇದು. ಆ ಕುಲವೆಲ್ಲ 29ರ ಪಟ್ಟಿಯಲ್ಲಿದೆ. ಬೆಳೆಯುವುದು ಹಿಮಾಲಯದ ನೆತ್ತಿಯಲ್ಲಿ. ಶಿರಸಿಯ ಅಜ್ಜಿಯ ಡಬ್ಬಿಗೆ ಅದು ಹೇಗೆ ಬಂತು? ಹಿಮಾಲಯದಿಂದ ಗ್ರಂಥಿಗೆ ಅಂಗಡಿ, ಗ್ರಂಥಿಗೆ ಅಂಗಡಿಯಿಂದ ಅಜ್ಜಿಯ ಮಡಿಲು!

ಅಗರಬತ್ತಿಯಲ್ಲಿ ಅಗರು ಇದೆಯೇ? ಸಾಮಾನ್ಯವಾಗಿ ಇಲ್ಲ! ಹೆಸರು ಮಾತ್ರ ಉಳಿದಿದೆ. ನಿಜವಾದ ಅಗರಿನ ಬೆಲೆ ಕೇಳಿದರೆ ಸಂಜೆ ದೀಪದ ಹೊತ್ತಿಗೆ ಅದನ್ನು ಹಚ್ಚುವ ಧೈರ್ಯ ಯಾರಿಗೂ ಬರುವುದಿಲ್ಲ.

ಅಗರು ಮರ ಆರೋಗ್ಯವಾಗಿದ್ದರೆ ಅದಕ್ಕೆ ಬೆಲೆಯೇ ಇಲ್ಲ ಗೊತ್ತೇ? ತಿರುಳು ಬಿಳಚಿಕೊಂಡು ಸಪ್ಪೆಯಾಗಿರುತ್ತದೆ. ಗಾಯವಾಗಿ ಶಿಲೀಂಧ್ರ ಹೊಕ್ಕರೆ ಮರ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳ ಸುರಿಸುತ್ತದೆ. ಆ ರೋಗವೇ ಸುಗಂಧ! ಮಲೆನಾಡಿನ ಕೊಪ್ಪ, ಶೃಂಗೇರಿ ಕಡೆ ಅಡಿಕೆ, ಕಾಫಿ ತೋಟಗಳ ನಡುವೆ ಅಗರು ನೆಟ್ಟವರಿದ್ದಾರೆ. ಮರಕ್ಕೆ ಬೈರಿಗೆ ಹಾಕಿ ತೂತು ಕೊರೆದು ತಾವೇ ರೋಗ ಹತ್ತಿಸುತ್ತಾರೆ. ಬೆಳೆಗೆ ರೋಗ ಬರಲಿ ಎಂದು ಕಾಯುವ ರೈತನನ್ನು ಬೇರೆಲ್ಲಾದರೂ ಕಂಡಿದ್ದೀರಾ!

ಇನ್ನೊಂದು. ಸಂಸ್ಕೃತದಲ್ಲಿ ‘ಅಗುರು’ ಅಂದರೆ ಭಾರವಿಲ್ಲದ್ದು. ಅದೇ ಮರಕ್ಕೆ ಚೀನಾದಲ್ಲಿ ‘ಮುಳುಗುವ ಸುಗಂಧ’ ಎಂಬ ಹೆಸರು. ರಾಳ ತುಂಬಿದ ತುಂಡು ನೀರಲ್ಲಿ ಮುಳುಗುತ್ತದೆ. ಒಂದೇ ಮರ, ಎರಡು ದೇಶ, ತದ್ವಿರುದ್ಧ ಹೆಸರು!

ಈ ಅಗರು 1995ರಿಂದ ಸೈಟಿಸ್ ಪಟ್ಟಿಯಲ್ಲಿದೆ. ಆದರೆ ಅಸ್ಸಾಂ, ತ್ರಿಪುರಾಗಳಲ್ಲಿ ಮನೆ ಹಿತ್ತಿಲುಗಳಲ್ಲೇ ಬೆಳೆದು ನಿಂತಿದೆ. 2024ರಲ್ಲಿ ಭಾರತ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಕಿಲೋ ಅಗರು ಚಕ್ಕೆ, ಪುಡಿ ರಫ್ತಿಗೆ ದಾರಿ ತೆರೆಯಿತು. ಕಾಡಿನಲ್ಲಿ ಅಳಿವಿನಂಚು, ಹಿತ್ತಿಲಲ್ಲಿ ಸುಗ್ಗಿ!

ರಕ್ತಚಂದನಕ್ಕೆ ವಾಸನೆಯೇ ಇಲ್ಲ. ಹೌದು, ಸಿನಿಮಾದಲ್ಲಿ ಹೊಡೆದಾಡಿದ್ದೆಲ್ಲ ವಾಸನೆಯಿಲ್ಲದ ಮರಕ್ಕೆ! ಇದು ಹಬ್ಬಿರುವುದು ಕಡಪಾ, ಚಿತ್ತೂರು ಸುತ್ತಿನ ಬೆಟ್ಟಗಳಲ್ಲಿ. ಗಟ್ಟಿ ತಿರುಳು ನೀರಿಗೆ ಹಾಕಿದರೆ ಕಲ್ಲಿನಂತೆ ತಳ ಸೇರುತ್ತದೆ. ಅಲೆಅಲೆಯಾದ ಎಳೆಯಿದ್ದರೆ ಜಪಾನಿನಲ್ಲಿ ವಾದ್ಯ ಮಾಡುವವರಿಗೆ ಅಚ್ಚುಮೆಚ್ಚು. ಹಾಗಾದರೆ ಪಟ್ಟಾ ಜಮೀನಿನಲ್ಲಿ ಬೆಳೆದ ರೈತನ ಗತಿ? ಕಳ್ಳನ ಜೊತೆ ಅವನೂ ಸಾಲಿನಲ್ಲಿ ನಿಲ್ಲಬೇಕಾಗಿತ್ತು. 2004ರಿಂದ ಸೈಟಿಸ್ ಭಾರತದ ರಕ್ತಚಂದನ ವ್ಯಾಪಾರದ ಮೇಲೆ ವಿಶೇಷ ಕಣ್ಣಿಟ್ಟಿತ್ತು. 2019ರಲ್ಲಿ ಸರ್ಕಾರ ಖಾಸಗಿ ಜಮೀನಿನಲ್ಲಿ ಬೆಳೆದದ್ದಕ್ಕೆ ರಫ್ತಿನ ಬಾಗಿಲು ತೆರೆಯಿತು. 2023ರ ನವೆಂಬರಿನಲ್ಲಿ ಜಿನೀವಾದಲ್ಲಿ ಆ ಕಣ್ಗಾವಲೂ ಮುಗಿಯಿತು. ಒಂದು ಮರದ ಮೇಲಿನ ಅನುಮಾನ ಕಳೆಯಲು 19 ವರ್ಷ!

ನಮ್ಮ ಶ್ರೀಗಂಧ ಈ ಸೈಟಿಸ್ ಪಟ್ಟಿಯಲ್ಲೇ ಇಲ್ಲ ಅಂದರೆ ನಂಬುತ್ತೀರಾ? ಇಲ್ಲ! ಆದರೂ ದಿಮ್ಮಿ ಹೊರದೇಶಕ್ಕೆ ಹೋಗುವಂತಿಲ್ಲ. ಎಣ್ಣೆ ಹೋಗಬಹುದು, ಕೆತ್ತಿದ ಗಣಪತಿ ಹೋಗಬಹುದು. 1792ರಲ್ಲಿ ಟಿಪ್ಪು ಇದನ್ನು ರಾಜವೃಕ್ಷ ಎಂದು ಸಾರಿದ. ಅಲ್ಲಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ನಿಮ್ಮ ಹಿತ್ತಿಲಲ್ಲಿ ಹುಟ್ಟಿದ ಗಂಧದ ಗಿಡ ಸರ್ಕಾರದ್ದು! ಮರ ಕಳುವಾದರೆ ಉತ್ತರ ಹೇಳಬೇಕಾದವರು ನೀವು. ಹಾಗಾಗಿ ಎಷ್ಟೋ ಜನ ಸಸಿ ಕಂಡ ಕೂಡಲೇ ಕಿತ್ತು ಬೇಲಿಯಾಚೆ ಎಸೆಯುತ್ತಿದ್ದರು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿತು. ಆಮೇಲೆ ಗಿಡ ನೆಟ್ಟವನದ್ದೇ ಆಯಿತು. ಈಗ ರೈತರು ಗಂಧದ ಸಸಿಯ ಬುಡಕ್ಕೆ ತೊಗರಿ ಬಿತ್ತುತ್ತಾರೆ. ಯಾಕೆ ಗೊತ್ತೇ? ಶ್ರೀಗಂಧ ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಕದ್ದು ಉಣ್ಣುವ ಮರ. ಕಳ್ಳರ ಕಣ್ಣಿರುವ ಮರ ತಾನೂ ಕಳ್ಳನೇ!

ವೆನಿಲ್ಲಾ ಆರ್ಕಿಡ್ ಜಾತಿ ಅಂತ ಗೊತ್ತಿತ್ತೇ? ಎರಡು ಸಾವಿರದ ಇಸವಿಯ ಆಚೀಚೆ ಮಲೆನಾಡು, ಕರಾವಳಿಯಲ್ಲಿ ಮನೆಮನೆಗೂ ವೆನಿಲ್ಲಾ ಹುಚ್ಚು ಹಿಡಿದಿತ್ತಲ್ಲ. ಬೆಳಿಗ್ಗೆ ಎದ್ದು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುವುದು, ಆಮೇಲೆ ಬೆಲೆ ಬಿದ್ದಾಗ ತಲೆ ಮೇಲೆ ಕೈ. ಆ ಕಡ್ಡಿಯ ಉಪಾಯ ಕಂಡುಹಿಡಿದದ್ದು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ! ಆರ್ಕಿಡ್‌ಗಳೆಲ್ಲ ಸೈಟಿಸ್ ಪಟ್ಟಿಯಲ್ಲಿವೆ. ಆದರೆ ತೋಟದಲ್ಲಿ ಬೆಳೆದ ವೆನಿಲ್ಲಾ ಕೋಡಿಗೆ ಮಾತ್ರ ಹೆಸರು ಹಿಡಿದು ವಿನಾಯಿತಿ ಬರೆದಿದ್ದಾರೆ. ಇಲ್ಲದಿದ್ದರೆ ಐಸ್‌ಕ್ರೀಮಿಗೂ ಪರವಾನಗಿ!

ಪ್ರಯೋಗಾಲಯದ ಗಾಜಿನ ಸೀಸೆಯಲ್ಲಿ ಬೆಳೆದ ಪುಟಾಣಿ ಆರ್ಕಿಡ್ ಸಸಿಗಳಿಗೂ ಸಾಮಾನ್ಯವಾಗಿ ಪರವಾನಗಿ ಬೇಡ. ಸೀಸೆಯೊಳಗಿದ್ದರೆ ಸ್ವತಂತ್ರ, ಹೊರಗೆ ಬಂದರೆ ಕಟ್ಟುಪಾಡು!

ಯೇವಲಾದ ಕಡೆಗೇ ಮರಳೋಣ. 29ರ ಪಟ್ಟಿಯಲ್ಲಿ ಮಹಾರಾಷ್ಟ್ರದ್ದೇ ಒಂದು ಗಿಡ ಇದೆ. ಸಹ್ಯಾದ್ರಿಯ ಕಡಿದಾದ ಬಂಡೆಗಳ ಸಂದಿಯಲ್ಲಿ ನೇತಾಡುವ ದಪ್ಪ ಕಾಂಡದ ಗಿಡ. ಅದಕ್ಕೆ ಡಾಲ್ಜೆಲ್ ಎಂಬ ಸಸ್ಯತಜ್ಞ 1865ರಲ್ಲಿ ಮುಂಬೈ ಗವರ್ನರ್ ಬಾರ್ಟಲ್ ಫ್ರೇರ್ ಹೆಸರು ಕೊಟ್ಟ. ಮರಾಠಿಗರು ಕರೆಯುವುದು ‘ಶಿವಸುಮನ’. ಶಿವಾಜಿ ಹುಟ್ಟಿದ ಶಿವನೇರಿ ಕೋಟೆಯ ಬಂಡೆಯಲ್ಲೂ ಅದು ಅರಳುತ್ತದೆ. ಗವರ್ನರನ ಗಿಡ ಶಿವಾಜಿಯ ಹೂವಾಯಿತು!

ಅದರ ನೆಂಟ ‘ಕಂದೀಲಪುಷ್ಪ’ವೂ ಅದೇ ಪಟ್ಟಿಯಲ್ಲಿದೆ. ಹೂವು ಲಾಂದ್ರದ ಹಾಗೆ. ನೊಣ ಒಳಗೆ ಇಳಿದರೆ ಕೆಳಮುಖವಾದ ಕೂದಲು ಹೊರಗೆ ಬಿಡುವುದಿಲ್ಲ. ಕೂದಲು ಬಾಡಿದ ಮೇಲೆ ಬಿಡುಗಡೆ, ಮೈಗೆ ಪರಾಗ ಮೆತ್ತಿಕೊಂಡು. ನೊಣವನ್ನು ಕೊಲ್ಲದ ಜೈಲು!

ಮತ್ತೆ ಕಾಗದದ ಮಾತಿಗೆ ಬರೋಣ. 2024ರ ಏಪ್ರಿಲ್ 1ರಿಂದ ತಿದ್ದಿದ ಜೀವವೈವಿಧ್ಯ ಕಾಯ್ದೆ ಜಾರಿಗೆ ಬಂದಿದೆ. ಬೆಳೆದ ಔಷಧಿ ಗಿಡಗಳಿಗೆ ಲಾಭ ಹಂಚಿಕೆಯ ಕಟ್ಟುಪಾಡಿನಿಂದ ಅದು ವಿನಾಯಿತಿ ಕೊಡುತ್ತದೆ. ಆದರೆ ‘ಮೂಲ ಪ್ರಮಾಣಪತ್ರ’ ಬೇಕು. ಕೊಡುವವರು ಯಾರು? ದೆಹಲಿಯವರಲ್ಲ, ನಿಮ್ಮೂರಿನ ಜೀವವೈವಿಧ್ಯ ನಿರ್ವಹಣಾ ಸಮಿತಿ! ಯೇವಲಾ ತಾಲ್ಲೂಕಿನ ಹಳ್ಳಿಗೂ ಇದೇ ಕಾನೂನು, ಯಲ್ಲಾಪುರದ ಹಳ್ಳಿಗೂ ಇದೇ. ನಿಮ್ಮ ಪಂಚಾಯಿತಿಯಲ್ಲಿ ಅಂಥ ಸಮಿತಿ ಇದೆಯೇ? ಒಮ್ಮೆ ಹೋಗಿ ಕೇಳಿ. ಅಲ್ಲಿನವರಿಗೇ ಆಶ್ಚರ್ಯ ಆಗಬಹುದು.

ಕೊನೆಗೆ ನಿಮ್ಮ ಅಡುಗೆಮನೆಯ ಭರಣಿ. ಮಾಗಳಿ ಬೇರಿನ ಉಪ್ಪಿನಕಾಯಿ! ಮೊದಲ ಸಲ ಮೂಸಿದವರು ‘ಅಯ್ಯೋ, ತಿಗಣೆ ವಾಸನೆ’ ಎಂದು ಮೂಗು ಮುರಿಯುತ್ತಾರೆ. ಆ ವಾಸನೆಯ ರಾಸಾಯನಿಕ ವೆನಿಲ್ಲಾದ ಸಾರದ ಅಣ್ಣತಮ್ಮ! ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ಮಣ್ಣು ತೊಳೆದು, ಮೇಲಿನ ಸಿಪ್ಪೆ ಹೆರೆದು, ಸೀಳಿ, ನಡುವಿನ ಗಟ್ಟಿ ನಾರು ಎಳೆದು ಬಿಸಾಕಿ, ಚೂರು ಮಾಡಿ ಉಪ್ಪಿಗೆ ಹಾಕುವ ಆ ಬೇರೂ ಕಾಡಿನಲ್ಲಿ ಅಪಾಯದ ಅಂಚಿಗೆ ಬಂದಿದೆ. 29ರ ಪಟ್ಟಿಯಲ್ಲಿ ಮಾತ್ರ ಅದರ ಹೆಸರಿಲ್ಲ.

ಈ ಸಲ ಸಂತೆಯಲ್ಲಿ ಮಾಗಳಿ ಬೇರಿನ ಕಟ್ಟು ಕಂಡರೆ ಕೊಳ್ಳುವ ಮೊದಲು ಒಂದು ಮಾತು ಕೇಳಿ: ‘ಇದು ಹೊಲದ್ದೋ, ಕಾಡಿನದ್ದೋ?’ ಬಂದ ಉತ್ತರವನ್ನು ನಮಗೂ ಒಂದು ಕಾಗದ ಬರೆದು ತಿಳಿಸಿ!